ಯಂತ್ರೋದ್ಯಮದ ಕಡತಗಳು ಮತ್ತು ಅವುಗಳ ರಕ್ಷಣೆ

ಯಾವುದೇ ಯಂತ್ರವು ಕಾರ್ಖಾನೆಯಲ್ಲಿ ರೂಪು ತಳೆಯುವ ಮೊದಲು ನಕ್ಷೆಯಲ್ಲಿ ಜನಿಸುತ್ತದೆ. ಮೊದಲ ಕಲ್ಪನೆಯಿಂದ ತೊಡಗಿ ತಯಾರಿಕೆ, ಮಾರಾಟ, ದುರಸ್ತಿಗಳವರೆಗಿನ ಅದರ ಸಮಸ್ತ ವೃತ್ತಾಂತವನ್ನು ಒಂದೆಡೆ ಕಾಪಾಡುವ ಗಣಕ ವ್ಯವಸ್ಥೆಗೆ ಉತ್ಪನ್ನದ ಜೀವನಚಕ್ರ ನಿರ್ವಹಣೆ ಎಂದು ಹೆಸರು. 1985ರಲ್ಲಿ ಅಮೆರಿಕನ್ ಮೋಟಾರ್ಸ್ ಸಂಸ್ಥೆಯು ಹೊಸ ಜೀಪ್ ವಾಹನವನ್ನು ರೂಪಿಸುವಾಗ ನಡೆಸಿದ ಪ್ರಯತ್ನವನ್ನು ಇದರ ಮೂಲವೆಂದು ಸಾಮಾನ್ಯವಾಗಿ ಹೇಳುವುದುಂಟು. ಟೀಮ್‌ಸೆಂಟರ್, ವಿಂಡ್‌ಚಿಲ್, ಅಜೈಲ್ ಮೊದಲಾದವು ಈ ಬಗೆಯ ತಂತ್ರಾಂಶಗಳು.

ಎಲ್ಲವೂ ಒಂದೆಡೆ ಸೇರಿದಾಗ ಅನುಕೂಲದೊಡನೆ ಅಪಾಯವೂ ಸೇರುತ್ತದೆ. ನೀರೆತ್ತುವ ಪಂಪೊಂದರ ಉದಾಹರಣೆಯನ್ನು ನೋಡಬಹುದು. ಅದರ ಹೊರಕವಚದ ದಾಖಲೆಗೆ ಎರಕದ ನಕ್ಷೆ, ಗಣಕದಲ್ಲಿ ರಚಿಸಿದ ಮೂಲ ಮಾದರಿ, ಪರೀಕ್ಷಾ ವರದಿ, ಬೆಲೆಪಟ್ಟಿ ಎಂಬ ನಾಲ್ಕು ಕಡತಗಳು ಲಗತ್ತಾಗಿರುತ್ತವೆ ಎನ್ನೋಣ. ಎರಕ ಹೊಯ್ಯುವ ಹೊರಗಿನ ಗುತ್ತಿಗೆದಾರನಿಗೆ ಮೊದಲನೆಯದು ಅವಶ್ಯ. ಉಳಿದವು ಅವನ ಕೈಸೇರಿದರೆ ಸಂಸ್ಥೆಯ ಹಲವು ವರ್ಷಗಳ ಶ್ರಮವೇ ಪರರ ಪಾಲಾದೀತು. ಹಾಗೆಂದು ದಾಖಲೆಯನ್ನೇ ಮುಚ್ಚಿದರೆ ಕೆಲಸ ಸಾಗದು. ಆದುದರಿಂದ ದಾಖಲೆಯನ್ನು ತೆರೆದಿಟ್ಟು, ಕೆಲವು ಕಡತಗಳಿಗೆ ಮಾತ್ರ ಬೀಗ ಹಾಕುವ ಉಪಾಯವು ಬೇಕಾಗುತ್ತದೆ.

ಇದರ ತಾತ್ತ್ವಿಕ ತಳಹದಿಯನ್ನು 1975ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು ತಮ್ಮ ಪ್ರಬಂಧವೊಂದರಲ್ಲಿ ನಿರೂಪಿಸಿದರು. ಪ್ರತಿಯೊಬ್ಬನಿಗೂ ಅವನ ಕಾರ್ಯಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು. ಸ್ಪಷ್ಟವಾದ ಅನುಮತಿ ಇಲ್ಲದೆಡೆ ನಿರಾಕರಣೆಯೇ ನಿಯಮವಾಗಬೇಕು ಎಂಬುವು ಅವರು ಮುಂದಿಟ್ಟ ಸೂತ್ರಗಳಲ್ಲಿ ಮುಖ್ಯವಾದ ಎರಡು.

ಈ ಸೂತ್ರಗಳು ಕಾರ್ಯರೂಪಕ್ಕೆ ಬರುವುದು, ಬಿಡಿಭಾಗದ ದಾಖಲೆ ಬೇರೆ, ಅದಕ್ಕೆ ಲಗತ್ತಾದ ಕಡತ ಬೇರೆ ಎಂಬ ವಿಂಗಡಣೆಯಿಂದ. ಟೀಮ್‌ಸೆಂಟರಿನಲ್ಲಿ ಇವೆರಡೂ ಪ್ರತ್ಯೇಕ ಘಟಕಗಳಾದುದರಿಂದ ಒಂದೊಂದಕ್ಕೂ ಬೇರೆ ನಿಯಮವನ್ನು ವಿಧಿಸಬಹುದು. ಅಲ್ಲಿ ನಿಯಮಗಳು ವೃಕ್ಷದ ರೆಂಬೆಗಳಂತೆ ಜೋಡಣೆಗೊಂಡಿದ್ದು, ಮೇಲಿನ ನಿಯಮವು ಕೆಳಗಿನದಕ್ಕಿಂತ ಪ್ರಬಲವಾಗಿರುತ್ತದೆ. ಕಡತದ ಬಗೆ, ಅದರ ಒಡೆತನದ ವಿಭಾಗ, ಅನುಮೋದನೆಯ ಸ್ಥಿತಿ ಇವೇ ಮೊದಲಾದವು ನಿಯಮದ ಷರತ್ತುಗಳಾಗುತ್ತವೆ. ಅಜೈಲ್ ತಂತ್ರಾಂಶದಲ್ಲಿಯಾದರೋ ಕಡತವನ್ನು ತೆರೆಯಲ್ಲಿ ನೋಡುವ ಹಕ್ಕು ಬೇರೆ, ಅದನ್ನು ಇಳಿಸಿಕೊಳ್ಳುವ ಹಕ್ಕು ಬೇರೆ.

ಆದರೆ ನಿಯಮವನ್ನು ಬರೆದ ಮಾತ್ರಕ್ಕೆ ರಕ್ಷಣೆ ದೊರೆಯಿತೆಂದು ಭಾವಿಸಲಾಗದು. ಒಬ್ಬನೇ ವ್ಯಕ್ತಿಗೆ ಎರಡು ಪಾತ್ರಗಳನ್ನು ವಹಿಸಿದಾಗ, ಒಂದು ಪಾತ್ರದಲ್ಲಿ ದೊರೆಯದ ಕಡತವು ಇನ್ನೊಂದರ ಮೂಲಕ ದೊರೆತುಬಿಡಬಹುದು. ಒಮ್ಮೆ ಇಳಿಸಿಕೊಂಡ ಪ್ರತಿಯ ಮೇಲೆ ಈ ಬೀಗಕ್ಕೆ ಅಧಿಕಾರವಿಲ್ಲ. ಇದಕ್ಕೆ ವಿರುದ್ಧವಾಗಿ ನಿರ್ಬಂಧವು ಅತಿಯಾದರೆ, ಹೊಸ ನಕ್ಷೆಯನ್ನು ಕಾಣಲಾಗದ ಕಾರ್ಮಿಕನು ತನ್ನ ಬಳಿಯಿರುವ ಹಳೆಯ ಪ್ರತಿಯನ್ನೇ ನಂಬಿ ಕೆಲಸ ಮಾಡುವನು. ಅದರಿಂದ ಎರಕವೂ ಹಾಳು, ಕಾಲವೂ ಹಾಳು. ಆದುದರಿಂದ ಬಲ್ಲ ನಿರ್ವಾಹಕನು ತನ್ನ ಪೂರ್ಣಾಧಿಕಾರದ ಹೆಸರಿನಿಂದ ಪರೀಕ್ಷಿಸದೆ, ನಿರ್ಬಂಧಿತ ಬಳಕೆದಾರನ ಪಾತ್ರದಲ್ಲಿ ಪ್ರವೇಶಿಸಿ, ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಒಂದೊಂದಾಗಿ ಪರಿಶೀಲಿಸುತ್ತಾನೆ. ನೌಕರನು ವಿಭಾಗವನ್ನು ಬದಲಿಸಿದಾಗ, ಗುತ್ತಿಗೆಯು ಮುಗಿದಾಗ ಹಳೆಯ ಹಕ್ಕುಗಳನ್ನು ಹಿಂಪಡೆಯುತ್ತಾನೆ.

ಭಂಡಾರದ ಹಿರಿಮೆಯು ಅದರ ಬೀಗದ ಗಾತ್ರದಲ್ಲಿಲ್ಲ. ಬೇಕಾದವನಿಗೆ ಬೇಕಾದ ಹೊತ್ತಿನಲ್ಲಿ ಬೇಕಾದುದು ದೊರೆಯುವಂತೆಯೂ, ಸಲ್ಲದವನಿಗೆ ಸಲ್ಲದಂತೆಯೂ ಕೀಲಿಕೈಗಳನ್ನು ಹಂಚುವ ವಿವೇಕದಲ್ಲಿ ಅದು ಅಡಗಿದೆ. ಆ ವಿವೇಕವು ಯಂತ್ರದಿಂದ ಬರತಕ್ಕದ್ದಲ್ಲ. ಅದನ್ನು ನಡೆಸುವ ಮನುಷ್ಯನೇ ಒದಗಿಸಬೇಕು.