ಸ್ತನ ಎತ್ತರಿಸುವ ಶಸ್ತ್ರಚಿಕಿತ್ಸೆ: ಸಹಿ ಹಾಕುವ ಮುನ್ನ

ಗೋವೆಯಲ್ಲಿ ಪ್ರವಾಸಿಗರನ್ನು ಸೆಳೆಯುವ ಸೌಂದರ್ಯ ಚಿಕಿತ್ಸಾಲಯಗಳ ಜಾಹೀರಾತು ಈಗ ನಮ್ಮ ತಾಯಂದಿರ ಮೊಬೈಲಿಗೂ ಬರುತ್ತಿದೆ. ‘ಬ್ರೆಸ್ಟ್ ಲಿಫ್ಟ್’ ಎಂಬ ಮಾತನ್ನು ಪಿಸುದನಿಯಲ್ಲಿ ಕೇಳುವವರು ಝುವಾರಿನಗರದಲ್ಲಿಯೂ ಇದ್ದಾರೆ, ಮಡಗಾಂವದಲ್ಲಿಯೂ ಇದ್ದಾರೆ. ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕನ್ನಡದಲ್ಲಿ ಉತ್ತರ ಸಿಗದಿರುವುದೇ ತೊಂದರೆ. ಆದ್ದರಿಂದ ಈ ಬರಹ.

ಸ್ತನದಲ್ಲಿ ಸ್ನಾಯುವಿಲ್ಲ. ಹಾಲಿನ ಗ್ರಂಥಿ, ಕೊಬ್ಬು, ಚರ್ಮ ಇವುಗಳನ್ನು ಹಿಡಿದು ನಿಲ್ಲಿಸುವುದು ಒಳಗಿನ ತೆಳುವಾದ ತಂತುಗಳು. 19ನೆಯ ಶತಮಾನದ ಆಂಗ್ಲ ವೈದ್ಯ ಆಸ್ಟ್ಲಿ ಕೂಪರನ ಹೆಸರಿನಿಂದಲೇ ಅವುಗಳನ್ನು ಇಂದಿಗೂ ಕರೆಯುತ್ತಾರೆ. ವಯಸ್ಸು, ಬಸಿರು, ತೂಕದ ಏರಿಳಿತಗಳಿಂದ ಈ ತಂತುಗಳೂ ಚರ್ಮವೂ ಸಡಿಲಗೊಂಡಾಗ ಸ್ತನ ಜೋಲುತ್ತದೆ. ಹಾಲೂಡಿಸಿದ್ದರಿಂದ ಹೀಗಾಯಿತೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅಮೆರಿಕದ ಕೆಂಟಕಿಯ ಶಸ್ತ್ರವೈದ್ಯ ಬ್ರಯಾನ್ ರಿಂಕರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಸು, ದೇಹತೂಕ, ಬಸಿರುಗಳ ಸಂಖ್ಯೆ, ಧೂಮಪಾನ ಇವು ಕಾರಣಗಳಾಗಿ ಕಂಡುಬಂದವು, ಹಾಲೂಡಿಸುವಿಕೆ ಕಂಡುಬರಲಿಲ್ಲ. ಈ ಭಯಕ್ಕಾಗಿ ಯಾವ ಸೊಸೆಯೂ ಕೂಸಿನ ಬಾಯಿಂದ ಮೊಲೆ ತಪ್ಪಿಸಬಾರದು.

ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚುವರಿ ಚರ್ಮವನ್ನು ಕತ್ತರಿಸಿ, ಒಳಗಿನ ಭಾಗವನ್ನು ಮೇಲಕ್ಕೆ ಸರಿಸಿ ಹೊಲಿದು, ತೊಟ್ಟನ್ನು ಮೇಲಿನ ಸ್ಥಾನಕ್ಕೆ ತರುತ್ತಾರೆ. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟು ಎರಡು ಮೂರು ಗಂಟೆ ನಡೆಯುವ ಕೆಲಸವಿದು. ಜೋಲು ಕಡಿಮೆಯಿದ್ದರೆ ತೊಟ್ಟಿನ ಸುತ್ತ ಮಾತ್ರ ಗಾಯ. ಹೆಚ್ಚಿದ್ದರೆ ಅಲ್ಲಿಂದ ಕೆಳಕ್ಕೆ ಒಂದು ಗೆರೆ, ಸ್ತನದ ಬುಡದಲ್ಲಿ ಇನ್ನೊಂದು. ಕಲೆ ಉಳಿದೇ ಉಳಿಯುತ್ತದೆ. ಮೊದಲ ಕೆಲವು ತಿಂಗಳು ಕೆಂಪಾಗಿದ್ದು, ವರ್ಷದ ಹೊತ್ತಿಗೆ ಮಾಸುತ್ತದೆ. ಕೆಲವರಲ್ಲಿ ದಪ್ಪಗಾಗಿ ಉಬ್ಬುವುದೂ ಉಂಟು. ಕಲೆಯೇ ಇರದೆಂದು ಹೇಳುವವರಿದ್ದರೆ ಅಲ್ಲಿಂದ ಎದ್ದು ಬರುವುದು ಲೇಸು.

ಇದು ಸ್ತನವನ್ನು ಚಿಕ್ಕದಾಗಿಸುವ ಚಿಕಿತ್ಸೆಯಲ್ಲ. ಭಾರದಿಂದ ಕುತ್ತಿಗೆ, ಹೆಗಲು ನೋಯುವವರಿಗೆ, ಸ್ತನದ ಕೆಳಗೆ ಬೆವರಿಗೆ ಹುಣ್ಣಾಗುವವರಿಗೆ ಬೇಕಾದುದು ಗಾತ್ರ ಇಳಿಸುವ ಬೇರೊಂದು ಶಸ್ತ್ರಚಿಕಿತ್ಸೆ. ಅಂಥವರು ಖಾಸಗಿ ಚಿಕಿತ್ಸಾಲಯಕ್ಕೆ ಮುನ್ನ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ತೋರಿಸಿಕೊಳ್ಳಬೇಕು. ಈ ಭೇದ ಹಣದ ವಿಷಯದಲ್ಲಿಯೂ ಮುಖ್ಯ. ಆರೋಗ್ಯ ವಿಮೆಯ ನಿಯಮದಂತೆ ರೂಪ ಬದಲಿಸುವ ಚಿಕಿತ್ಸೆಗೆ ಹಣ ಸಿಗದು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಬಳಿಕದ ಪುನಾರಚನೆಗೆ ಹಾಗೂ ವೈದ್ಯಕೀಯವಾಗಿ ಅನಿವಾರ್ಯವಾದುದಕ್ಕೆ ಮಾತ್ರ ವಿನಾಯಿತಿ. ಬರಿಯ ಎತ್ತರಿಸುವಿಕೆಯ ವೆಚ್ಚ ಕೈಯಿಂದಲೇ ಹೋಗಬೇಕು. ಅದಕ್ಕಾಗಿ ಸಾಲ ಮಾಡುವುದು ನಮಗಂತೂ ಸರಿಕಾಣದು.

ಇನ್ನೂ ಮಕ್ಕಳು ಬೇಕೆನ್ನುವವರು ಕಾಯುವುದು ಒಳಿತು. ಮುಂದಿನ ಬಸಿರಿನಲ್ಲಿ ಸ್ತನ ಮತ್ತೆ ಹಿಗ್ಗುತ್ತದೆ, ಹಾಲೂಡಿಸಲು ತೊಡಕಾಗಲೂಬಹುದು. ತಂಬಾಕು ನಿಲ್ಲಿಸುವುದು ಕಡ್ಡಾಯ, ಕನಿಷ್ಠ ನಾಲ್ಕು ವಾರ ಮೊದಲು. ತಂಬಾಕು ಎಂದರೆ ಬೀಡಿ ಮಾತ್ರವಲ್ಲ. ನಮ್ಮ ಕಡೆಯ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ಎಲೆಯಡಿಕೆಯೊಡನೆ ಹಾಕುವ ಎಸಳೂ ಅದರಲ್ಲಿ ಸೇರಿವೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಕ್ತ ಸಾಲದೆ ತೊಟ್ಟಿನ ಚರ್ಮ ಸಾಯಬಹುದು. ವೈದ್ಯರು ಕೇಳಿದಾಗ ಮಿಶ್ರಿಯನ್ನು ಮುಚ್ಚಿಡಬೇಡಿರಿ. ಗಂಟು ಇದೆಯೇ ಎಂಬ ಪರೀಕ್ಷೆಯೂ ಮೊದಲೇ ಆಗಬೇಕು, ನಲವತ್ತು ದಾಟಿದವರಿಗೆ ಮ್ಯಾಮೊಗ್ರಾಮ್ ಸಹಿತ.

ಶಸ್ತ್ರಚಿಕಿತ್ಸೆಯಾದ ದಿನವೋ ಮರುದಿನವೋ ಮನೆಗೆ ಕಳಿಸುತ್ತಾರೆ. ನಿಜವಾದ ಲೆಕ್ಕ ಅಲ್ಲಿಂದ ಶುರು. ಮೊದಲ ವಾರ ನೋವು, ಬಾವು; ಆಧಾರ ಕೊಡುವ ಒಳಉಡುಪನ್ನು ಹಲವು ವಾರ ಹಗಲಿರುಳು ಧರಿಸಬೇಕು, ಬೆನ್ನ ಮೇಲೆ ಮಲಗಬೇಕು. ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ಆದರೆ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ: ತುಂಬಿದ ಕೊಡ, ಕಟ್ಟಡದ ಬುಟ್ಟಿ, ಮೀನಿನ ಪೆಟ್ಟಿಗೆ, ಎರಡು ವರ್ಷದ ಮಗು ಯಾವುದನ್ನೂ. ನಾಲ್ಕು ಮನೆಯ ಪಾತ್ರೆ ತೊಳೆಯುವ ತಾಯಿಗೆ ಇದರರ್ಥ ತಿಂಗಳಿಗೂ ಮೀರಿದ ಕೂಲಿ ನಷ್ಟ. ಜಾಹೀರಾತು ಹೇಳುವ ಮೊತ್ತಕ್ಕೆ ಇದನ್ನು ಕೂಡಿಸಿಕೊಳ್ಳಬೇಕು. ನೀರು ತರುವವರು ಯಾರೆಂಬುದನ್ನು ಮನೆಯಲ್ಲಿ ಮುಂಚೆಯೇ ತೀರ್ಮಾನಿಸಬೇಕು. ಜ್ವರ, ಒಂದೇ ಬದಿಯಲ್ಲಿ ಹಠಾತ್ ಬಾವು, ತೊಟ್ಟು ಕಪ್ಪಾಗುವುದು ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ತೊಟ್ಟಿನ ಸ್ಪರ್ಶಜ್ಞಾನ ಮಂದವಾಗುವುದುಂಟು. ಬಹುಮಂದಿಗೆ ತಿಂಗಳುಗಳಲ್ಲಿ ಮರಳುತ್ತದೆ, ಕೆಲವರಿಗೆ ಮರಳದು. ಎತ್ತರಿಸಿದ ಸ್ತನವೂ ವಯಸ್ಸಿನೊಡನೆ ಮತ್ತೆ ಇಳಿಯುತ್ತದೆ.

ಸಮ್ಮತಿ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸ್ಪಷ್ಟಪಡಿಸಿದಂತೆ, ಸ್ವತಃ ತೀರ್ಮಾನಿಸಬಲ್ಲ ವಯಸ್ಕ ರೋಗಿಯ ಬದಲು ಆಕೆಯ ತಾಯಿ ಕೊಟ್ಟ ಒಪ್ಪಿಗೆ ಕೂಡ ಸಲ್ಲದು. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳನ್ನು ಆಕೆಗೇ ತಿಳಿಸಿರಬೇಕು. ಗಂಡನ ಸಹಿ ಸಾಲದು. ಹಾಗೆಯೇ ಏಳನೆಯ ತರಗತಿಯ ಮಗಳನ್ನು ದುಭಾಷಿಯಾಗಿ ವೈದ್ಯರ ಮುಂದೆ ಕೂರಿಸುವ ರೂಢಿ ನಿಲ್ಲಬೇಕು. ತಾಯಿಯ ಮೈಯ ಅಪಾಯವನ್ನು ಅನುವಾದಿಸುವುದು ಮಗುವಿನ ಕೆಲಸವಲ್ಲ. ಕನ್ನಡ ಬಲ್ಲ ದಾದಿಯನ್ನೋ ನಂಬಿಗಸ್ತ ಹೆಂಗಸನ್ನೋ ಕರೆದೊಯ್ಯಿರಿ, ಒಂದೊಂದು ಸಾಲನ್ನೂ ಓದಿಸಿರಿ. ಶಸ್ತ್ರವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಬಾಣಂತನಕ್ಕೆ ಹೋದಂತೆ ಚಿಕಿತ್ಸೆಯ ನಂತರ ಗದಗಕ್ಕೋ ಬಾಗಲಕೋಟೆಗೋ ತವರಿಗೆ ಹೊರಡುವವರು ದಾಖಲೆಗಳನ್ನು ಜೊತೆಗೊಯ್ಯಬೇಕು. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ, ರೋಗಿ ಕೇಳಿದ 72 ಗಂಟೆಗಳೊಳಗೆ ಅವನ್ನು ಕೊಡಬೇಕು. ಲಿಖಿತವಾಗಿ ಕೇಳಿರಿ, ಅರ್ಜಿಯ ಪ್ರತಿಯೊಂದನ್ನು ನಿಮ್ಮಲ್ಲಿಟ್ಟುಕೊಳ್ಳಿರಿ.