ತಾಮ್ರದ ಅಚ್ಚಿನ ಗುರುತು

ಹಳೆಯ ಡಚ್ ಚಿತ್ರಪುಸ್ತಕ ಕೈಗೆ ಬಂದರೆ ಮೊದಲು ಚಿತ್ರದ ಅಂಚು ಸವರಿ ನೋಡುತ್ತೇನೆ. ತಾಮ್ರದ ತಗಡು ಒತ್ತಿದ ಕಡೆ ಕಾಗದ ತುಸು ತಗ್ಗಿರುತ್ತದೆ, ಬೆರಳಿಗೇ ತಿಳಿಯುತ್ತದೆ. ಆಮೇಲೆ ಹಾಳೆಗಳ ಎಣಿಕೆ.

ಮಲಬಾರಿನ ಗಿಡಗಳ ಚಿತ್ರಪುಸ್ತಕ 'ಹಾರ್ಟಸ್ ಮಲಬಾರಿಕಸ್' ನನಗೆ ಬಲು ಪ್ರಿಯ. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಅಚ್ಚಾದ 12 ಸಂಪುಟಗಳು. ಮಾಡಿಸಿದವನು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್. ಗಿಡಗಳ ಗುಣ ತಿಳಿಸಿಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ಪಂಡಿತರು. ಆ ಪಂಡಿತರ ಹೇಳಿಕೆ ಮೊದಲ ಸಂಪುಟದಲ್ಲಿ ನಾಗರಿ ಲಿಪಿಯಲ್ಲೇ ಇದೆ. ನಮ್ಮ ಕರಾವಳಿಯವರು ನೋಡಲೇಬೇಕಾದ ಪುಟ ಅದು!

ಬಹುಪಾಲು ಚಿತ್ರಗಳು ಎರಡು ಪುಟದಗಲ. ಗೋಡೆಗೆ ತೂಗಹಾಕಲೆಂದು ಇಂಥ ಹಾಳೆಗಳನ್ನು ಕಿತ್ತು ಮಾರುವುದು ಶುದ್ಧ ಅನ್ಯಾಯ. ಪುಸ್ತಕ ಮಾರುವಾಗ ಒಂದೇ ಒಂದು ಹಾಳೆ ಇಲ್ಲದಿದ್ದರೂ ವಿವರಣೆಯಲ್ಲಿ ಅದನ್ನು ಬರೆಯಬೇಕು. ಹಳೆಯ ಚಿತ್ರಪುಸ್ತಕ ನಿಮ್ಮಲ್ಲಿದ್ದರೆ ದಯವಿಟ್ಟು ಅದರ ಹಾಳೆ ಕೀಳಬೇಡಿ.