ಪಾಳುಮನೆಯ ಜಾಗದಲ್ಲಿ ನಾಲ್ಕು ಮನೆ

ಸುಳ್ಯ ತಾಲೂಕಿನ ಬೆಳ್ಳಾರೆ ಹಳೆಯ ಊರು. 1837ರ ಅಮರಸುಳ್ಯ ದಂಗೆಯ ಹೊತ್ತಿಗೇ ಇಲ್ಲಿ ಬ್ರಿಟಿಷರ ಖಜಾನೆಯಿತ್ತು. ಇಂಥ ಊರುಗಳಲ್ಲಿ ಮಕ್ಕಳು ಮಂಗಳೂರು, ಬೆಂಗಳೂರು ಸೇರಿದ ಮೇಲೆ ಬೀಗ ಬಿದ್ದ ಹಂಚಿನ ಮನೆಗಳು ಕಾಣಸಿಗುತ್ತವೆ. ಪಕ್ಕಾಸಿಗೆ ಗೆದ್ದಲು ಹಿಡಿದು ಮಾಡು ಕುಸಿದಾಗ, ಅಲ್ಲೇ ನಾಲ್ಕು ಫ್ಲಾಟ್ ಕಟ್ಟಿದರೆ ಹೇಗೆ ಎಂಬ ಮಾತು ಏಳುವುದು ಸಹಜ. ಆದರೆ ಎಂಜಿನಿಯರರಿಂದ ನಕ್ಷೆ ಬರೆಸುವ ಮೊದಲು ಎರಡು ಲೆಕ್ಕ ಆಗಬೇಕು: ಹಕ್ಕುದಾರರದ್ದು ಮತ್ತು ನೀರಿನದ್ದು.

2005ರ ತಿದ್ದುಪಡಿಯ ಬಳಿಕ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಮದುವೆಯಾಗಿ ಹೋದ ಅಕ್ಕನನ್ನು ಬಿಟ್ಟು ಕಟ್ಟಿದ ಮನೆ ಮುಂದೆ ಕೋರ್ಟಿನ ಮೆಟ್ಟಿಲು ಹತ್ತಬಹುದು. ಆದ್ದರಿಂದ ಪಾಲಿನ ಪತ್ರ ಮೊದಲು. ಭೂಪರಿವರ್ತನೆ, ಪಂಚಾಯತ್ ಪರವಾನಿಗೆ ನಂತರ. ಎಂಟಕ್ಕಿಂತ ಹೆಚ್ಚು ಫ್ಲಾಟ್ ಇಲ್ಲದಿದ್ದರೆ 2016ರ ರೇರಾ ಕಾಯಿದೆಯ ನೋಂದಣಿ ಕಡ್ಡಾಯವಲ್ಲ. ಹಾಗೆಂದು ಹಗುರಾಗುವಂತಿಲ್ಲ. ಆ ರಕ್ಷಣೆ ಇಲ್ಲದಿರುವುದರಿಂದಲೇ ಕೊಳ್ಳುವವರು ಪ್ರತಿ ಕಾಗದವನ್ನೂ ಓದಿ ನೋಡಬೇಕು. ಮೆಟ್ಟಿಲು, ಬಾವಿ, ಅಂಗಳ ಎಲ್ಲರಿಗೂ ಸೇರಿದ್ದೆಂಬುದು ಪತ್ರದಲ್ಲೇ ಇರಬೇಕು.

ಎರಡನೆಯ ಲೆಕ್ಕವನ್ನು ಹೈಸ್ಕೂಲು ವಿದ್ಯಾರ್ಥಿಯೂ ಮಾಡಬಹುದು. ಒಂದು ಸೆಂಟ್ಸ್ ಎಂದರೆ 40.47 ಚದರ ಮೀಟರ್. ಹನ್ನೆರಡು ಸೆಂಟ್ಸ್ ಚೌಕಾಕಾರದ ಜಾಗವಾದರೆ ಒಂದೊಂದು ಬದಿ ಸುಮಾರು 22 ಮೀಟರ್. ಕುಡಿಯುವ ನೀರಿನ ಬಾವಿಗೂ ಶೌಚದ ಇಂಗುಗುಂಡಿಗೂ 18 ಮೀಟರ್ ಅಂತರ ಬೇಕು. ಹಾಗಾದರೆ ಬಾವಿ ಒಂದು ಮೂಲೆಗೆ, ಗುಂಡಿ ಎದುರು ಮೂಲೆಗೆ, ಕಟ್ಟಡ ನಡುವೆ. ನೆರೆಮನೆಯ ಬಾವಿಯನ್ನೂ ಅಳೆದು ನೋಡಬೇಕು. ಅಂದರೆ ನಕ್ಷೆಯ ಅರ್ಧ ಭಾಗವನ್ನು ಹಳೆಯ ಬಾವಿಯೇ ಬರೆದಿಟ್ಟಿರುತ್ತದೆ!

ನಾಲ್ಕು ಮನೆಗಳಲ್ಲಿ ಹದಿನಾರು ಜನ, ತಲೆಗೆ 135 ಲೀಟರ್ ಎಂದರೆ ದಿನಕ್ಕೆ 2,160 ಲೀಟರ್. ಆಟಿ ತಿಂಗಳಲ್ಲಿ ಒಂದು ದಿನ 100 ಮಿಲಿಮೀಟರ್ ಮಳೆ ಸುರಿದರೆ 160 ಚದರ ಮೀಟರ್ ತಾರಸಿಯ ಮೇಲೆ 16,000 ಲೀಟರ್ ಬೀಳುತ್ತದೆ. ಅದು ಏಳು ದಿನಗಳ ನೀರು. ಚರಂಡಿಗೆ ಬಿಡದೆ ಸೋಸಿ ಬಾವಿಯ ಬಳಿ ಇಂಗಿಸಿದರೆ ಬೇಸಗೆಗೆ ಆಸರೆ.

ಕೆಡವುವಾಗಲೂ ಆತುರ ಬೇಡ. ಗಟ್ಟಿಯಿರುವ ಮುರಕಲ್ಲು ಕಾಂಪೌಂಡಿಗೆ, ಹಲಸಿನ ಮರದ ಬಾಗಿಲು ಹೊಸ ಮನೆಗೆ ಒದಗುತ್ತವೆ.

ಮುಂದಿನ ರಜೆಯಲ್ಲಿ ಅಜ್ಜನ ಮನೆಗೆ ಹೋದಾಗ ಟೇಪು ಹಿಡಿದು ಬಾವಿಯಿಂದ ಅಳತೆ ಶುರುಮಾಡಿ. ಅಳೆಯುವಾಗ ಅತ್ತೆ, ಚಿಕ್ಕಮ್ಮಂದಿರೂ ಜೊತೆಗಿರಲಿ.